ಇಳಿಜಾರು ಹಿತ್ತಿಲಿಗೆ ಚಕ್ರದ ಹುಲ್ಲು ಯಂತ್ರ ತರುವ ಮುನ್ನ ಇದನ್ನು ಓದಿ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಹಿತ್ತಿಲು ಕೊಟ್ಟಿಗೆಯ ಹಿಂದಿನಿಂದ ಹಿಡಿದು ಕೆಳಗಿನ ಅಡಿಕೆ ತೋಟದ ಬೇಲಿಯವರೆಗೆ ಇಳಿಯುತ್ತಲೇ ಹೋಗುತ್ತದೆ. ಹತ್ತು ಗುಂಟೆಯಷ್ಟು ಜಾಗ. ಮಳೆ ಹಿಡಿಯಿತೆಂದರೆ ತಿಂಗಳೊಳಗೆ ಹುಲ್ಲು ಮೊಣಕಾಲು ಮುಟ್ಟುತ್ತದೆ. ಉಂಬಳವನ್ನಾದರೂ ಸಹಿಸಬಹುದು, ಹಾವಿನ ಭಯಕ್ಕೆ ಅಮ್ಮ ಕೊಟ್ಟಿಗೆಗೆ ಹೋಗುವಾಗ ಕೋಲು ಬಡಿಯುತ್ತಾ ಹೋಗಬೇಕು. ಕುಡುಗೋಲು ಹಿಡಿದು ಸವರುವ ಆಳುಗಳು ಸಿಗದೆ, ಕಳೆದ ವರ್ಷ ಶಿವಮೊಗ್ಗದ ಒಂದು ಅಂಗಡಿಯಿಂದ 18,500 ರೂಪಾಯಿ ಕೊಟ್ಟು ನಾಲ್ಕು ಚಕ್ರದ, ತಳ್ಳಿಕೊಂಡು ಹೋಗುವ ಪೆಟ್ರೋಲ್ ಯಂತ್ರ ತಂದೆವು. ನನ್ನ ತಮ್ಮ ಇಂದು ಎರಡೂ ಪಾದಗಳ ಮೇಲೆ ನಡೆಯುತ್ತಿರುವುದು ದೇವರ ದಯೆ.

"ನಮ್ಮದು ಇಳಿಜಾರು ಜಾಗ" ಎಂದು ಅಂಗಡಿಯಲ್ಲಿ ಎರಡು ಸಲ ಹೇಳಿದ್ದೆ. "ಮಲೆನಾಡಿನಲ್ಲಿ ಯಾರ ಜಾಗ ಸಮತಟ್ಟಾಗಿದೆ ಹೇಳಿ, ಎಲ್ಲರೂ ಇದನ್ನೇ ಒಯ್ಯುತ್ತಾರೆ" ಎಂದರು. ಎಷ್ಟು ಇಳಿಜಾರು ಎಂದು ಅವರು ಕೇಳಲಿಲ್ಲ, ನಾವೂ ಅಳೆದಿರಲಿಲ್ಲ. ಈ ಯಂತ್ರದ ಹಿಡಿಕೆಗೆ ಅಂಟಿಕೊಂಡಂತೆ ಒಂದು ಕಂಬಿ ಇರುತ್ತದೆ. ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಎಂಜಿನ್ ಓಡುತ್ತದೆ. ಕೈ ನೋಯುತ್ತದೆ ಎಂದು ಅಂಗಡಿಯ ಹುಡುಗ ಅದನ್ನು ಟ್ಯೂಬಿನ ರಬ್ಬರ್ ಪಟ್ಟಿಯಿಂದ ಬಿಗಿದು ಕಟ್ಟಿಕೊಟ್ಟ. ನಾವು ಅದನ್ನು ಉಪಕಾರವೆಂದೇ ತಿಳಿದೆವು. ಬಿದ್ದವನ ಕೈ ತಪ್ಪಿದ ಕೂಡಲೇ ಬ್ಲೇಡ್ ನಿಲ್ಲಲಿ ಎಂದೇ ಆ ಕಂಬಿ ಇರುವುದೆಂದು ಯಾರೂ ಹೇಳಲಿಲ್ಲ.

ಆಗಸ್ಟ್‌ನ ಒಂದು ಬೆಳಿಗ್ಗೆ ಮಳೆ ಹೊಳವಾಗಿತ್ತು. ತಮ್ಮ ಯಂತ್ರ ಇಳಿಸಿದ. ಒದ್ದೆ ಹುಲ್ಲು ಬ್ಲೇಡಿನ ಮುಚ್ಚಳದೊಳಗೆ ಮುದ್ದೆಗಟ್ಟಿ, ಯಂತ್ರ ಮುಂದಕ್ಕೆ ಹೋಗದಾಯಿತು. ಮೇಲಿನಿಂದ ತನ್ನ ಕಡೆಗೆ ಎಳೆದುಕೊಳ್ಳುವಾಗ ಅವನ ಕಾಲು ಜಾರಿತು. ಇಪ್ಪತ್ತೈದು ಕಿಲೋಗೂ ಮಿಕ್ಕಿದ ಯಂತ್ರ ಓಡುತ್ತಲೇ ಇತ್ತು, ಅವನ ಬಲಗಾಲು ಅದರ ಅಡಿಗೆ ಹೋಯಿತು. ಗಮ್‌ಬೂಟಿನ ತುದಿ ಹಾರಿಹೋಯಿತು. ಹೆಬ್ಬೆರಳಿನ ಉಗುರು ಕಿತ್ತು, ಮೂರು ಹೊಲಿಗೆ ಬಿದ್ದವು. ಅವನು ಅಂದು ಹವಾಯಿ ಚಪ್ಪಲಿ ಹಾಕಿದ್ದರೆ ಏನಾಗುತ್ತಿತ್ತೆಂದು ಅಮ್ಮ ಈಗಲೂ ನೆನೆದು ಕಣ್ಣೊರೆಸಿಕೊಳ್ಳುತ್ತಾರೆ.

ರಬ್ಬರ್ ಕತ್ತರಿಸಿ ಎಸೆದೆ. ಹುಲ್ಲು ಒಣಗಿದ ದಿನ ನೋಡಿ ನಾನೇ ತಳ್ಳಿದೆ, ಇಳಿಜಾರಿಗೆ ಅಡ್ಡಡ್ಡವಾಗಿ. ಅರ್ಧ ಗಂಟೆಯಲ್ಲಿ ನೀಲಿ ಹೊಗೆ ಬಂದು ಎಂಜಿನ್ ಸೀಜ್ ಆಯಿತು. ಬಿಚ್ಚಿ ನೋಡಿದ ಊರಿನ ಮೆಕ್ಯಾನಿಕ್ ಕಾರಣ ಹೇಳಿದರು. ಇಂಥ ಅಗ್ಗದ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆ ತಳದಲ್ಲಿ ನಿಂತಿರುತ್ತದೆ, ತಿರುಗುವ ಭಾಗವೊಂದು ಅದನ್ನು ಮೇಲಕ್ಕೆ ಎರಚುತ್ತದೆ. ಯಂತ್ರ ಹೆಚ್ಚು ವಾಲಿದರೆ ಎಣ್ಣೆ ಒಂದು ಮೂಲೆಗೆ ಸರಿದು, ಮೇಲಿನ ಭಾಗಗಳು ಒಣಗಿ ಕಚ್ಚಿಕೊಳ್ಳುತ್ತವೆ. ಅಂಗಡಿಯವರು ಗ್ಯಾರಂಟಿ ಕೊಡಲಿಲ್ಲ. 15 ಡಿಗ್ರಿಗಿಂತ ಕಡಿದಾದ ಜಾಗದಲ್ಲಿ ಬಳಸಬಾರದೆಂದು ಕೈಪಿಡಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿದೆಯಂತೆ! ಮಾರುವಾಗ ಇಲ್ಲದ 15 ಡಿಗ್ರಿ ರಿಪೇರಿಗೆ ಒಯ್ದಾಗ ಎಲ್ಲಿಂದ ಬಂತು ಎಂದು ಕೇಳಿದೆ, ಉತ್ತರವಿಲ್ಲ.

ನಿಮ್ಮ ಜಾಗವನ್ನು ಮೊದಲು ಅಳೆಯಿರಿ. ಹತ್ತು ಅಡಿಯ ನೆಟ್ಟಗಿನ ಅಡಿಕೆ ದಬ್ಬೆಯ ಒಂದು ತುದಿಯನ್ನು ಮೇಲುಗಡೆ ನೆಲಕ್ಕೆ ಊರಿ, ಗಾರೆಯವರ ರಸಮಟ್ಟ ಇಟ್ಟು ಸಮ ಮಾಡಿ, ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟಿದೆ ನೋಡಿ. ಎರಡೂಮುಕ್ಕಾಲು ಅಡಿ ಎಂದರೆ ಹೆಚ್ಚುಕಡಿಮೆ 15 ಡಿಗ್ರಿ. ನಮ್ಮಲ್ಲಿ ನಾಲ್ಕೂವರೆ ಅಡಿ ಇತ್ತು. ನಿಮ್ಮಲ್ಲಿ ಎರಡೂಮುಕ್ಕಾಲು ಅಡಿಗಿಂತ ಸಾಕಷ್ಟು ಕಡಿಮೆ ಇದ್ದರೆ ಮಾತ್ರ ಚಕ್ರದ ಯಂತ್ರ ನೋಡಿ, ಅದರಲ್ಲೂ ಹಿಂದಿನ ಚಕ್ರಗಳು ತಾವೇ ಓಡುವಂಥದ್ದನ್ನು.

ಈಗ ನಾವು ಹೆಗಲಿಗೆ ಹಾಕಿಕೊಳ್ಳುವ ಟೂ ಸ್ಟ್ರೋಕ್ ಬ್ರಷ್ ಕಟ್ಟರ್ ಬಳಸುತ್ತಿದ್ದೇವೆ. ಇದರಲ್ಲಿ ಎಣ್ಣೆ ಪೆಟ್ರೋಲಿನೊಂದಿಗೇ ಬೆರೆತು ಹೋಗುವುದರಿಂದ ವಾಲಿದರೂ ಎಂಜಿನ್ ಒಣಗುವುದಿಲ್ಲ. ನಮ್ಮದಕ್ಕೆ ಲೀಟರಿಗೆ 20 ಮಿಲಿ, ನಿಮ್ಮ ಯಂತ್ರದ ಅಳತೆ ಬೇರೆ ಇರಬಹುದು, ಕೇಳಿಕೊಳ್ಳಿ. ಎಣ್ಣೆ ಹಾಕುವುದನ್ನು ಒಂದು ಸಲ ಮರೆತರೂ ಇದೂ ಸೀಜ್ ಆಗುತ್ತದೆ. ಜಂಬಿಟ್ಟಿಗೆ ಚೂರು ಗುಂಡಿನಂತೆ ಹಾರಿ ಬರುತ್ತದೆ, ಆದ್ದರಿಂದ ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಬೇಕೇ ಬೇಕು, ಸುತ್ತ 50 ಅಡಿಯೊಳಗೆ ಮಕ್ಕಳು, ದನಕರು ಬರಬಾರದು. ಕೊಳ್ಳುವ ಮೊದಲು ಒಂದು ದಿನ ಬಾಡಿಗೆಗೆ ತಂದು ನೋಡಿ, ಸಹಾಯಧನ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ತೀರಾ ಕಡಿದಾದ ಧರೆಗೆ ಮಾತ್ರ ಯಾವ ಯಂತ್ರವನ್ನೂ ಒಯ್ಯಬೇಡಿ. ಅಲ್ಲಿಯ ಹುಲ್ಲಿನ ಬೇರೇ ಮಳೆಗಾಲದಲ್ಲಿ ಮಣ್ಣು ಹಿಡಿದಿರುವುದು.

ಮೊನ್ನೆ ಪಕ್ಕದ ಮನೆಯವರು ಅಂಥದ್ದೇ ಯಂತ್ರಕ್ಕೆ ಮುಂಗಡ ಕೊಟ್ಟ ಚೀಟಿ ತೋರಿಸಿದರು. ದಬ್ಬೆ, ರಸಮಟ್ಟ ತಂದು ಅವರ ಹಿತ್ತಿಲಲ್ಲಿ ಇಟ್ಟೆವು. ಮೂರೂವರೆ ಅಡಿ ಬಂತು. ನಾಳೆ ಬೆಳಗಿನ ಬಸ್ಸಿಗೆ ಅವರೊಂದಿಗೆ ನಾನೂ ಹೊರಟಿದ್ದೇನೆ, ಮುಂಗಡ ವಾಪಸ್ ಕೇಳಲು.