ವಿಮಾನ ಹೊರಡುವ ಹೊತ್ತಿನ ಅಂದಾಜು: ನಾಲ್ಕು ವಿಧಾನಗಳ ಹೋಲಿಕೆ

ವಿಮಾನ ನೆಲ ಬಿಡುವ ಹೊತ್ತನ್ನು ತಪ್ಪಾಗಿ ಅಂದಾಜಿಸಿದರೆ, ಅದು ಹಾದುಹೋಗಬೇಕಾದ ವಾಯುವಲಯಗಳ ದಟ್ಟಣೆಯ ಲೆಕ್ಕವೂ ತಪ್ಪುತ್ತದೆ. ಯುರೋಪಿನಲ್ಲಿ ಟೇಕ್‌ಆಫ್ ಸ್ಲಾಟ್ (ನೆಲ ಬಿಡಲು ಗೊತ್ತುಮಾಡಿದ ಹೊತ್ತು) ಪಡೆದ ವಿಮಾನಕ್ಕೆ ನಿಗದಿತ ಹೊತ್ತಿಗಿಂತ 5 ನಿಮಿಷ ಮೊದಲಿನಿಂದ 10 ನಿಮಿಷ ನಂತರದವರೆಗೆ ಮಾತ್ರ ಅವಕಾಶವಿರುವುದರಿಂದ, 20 ನಿಮಿಷದ ತಪ್ಪು ಸಣ್ಣದೇನಲ್ಲ. ಒಂದೇ ನಿಲ್ದಾಣದ ಹಳೆಯ ದಾಖಲೆಗಳ ಮೇಲೆ ನಾಲ್ಕು ವಿಧಾನಗಳನ್ನು ಪರೀಕ್ಷಿಸಿದೆ. ಅಂದಾಜು ಮಾಡುವ ಕ್ಷಣದಲ್ಲಿ ಲಭ್ಯವಿದ್ದ ಮಾಹಿತಿಯನ್ನಷ್ಟೇ ಪ್ರತಿಯೊಂದಕ್ಕೂ ಒದಗಿಸಿದೆ.

ಫ್ಲೈಟ್ ಪ್ಲಾನ್‌ನಲ್ಲಿ ನಮೂದಿಸಿದ ಹೊತ್ತಿಗೆ ಸ್ಥಿರವಾದ ಟ್ಯಾಕ್ಸಿ ಅವಧಿಯನ್ನು (ವಿಮಾನ ನಿಲುಗಡೆಯಿಂದ ರನ್‌ವೇವರೆಗೆ ನೆಲದ ಮೇಲೆ ಸಾಗುವ ಸಮಯ) ಕೂಡಿಸುವುದು ಮೊದಲನೆಯದು. ಇದಕ್ಕೆ ಖರ್ಚಿಲ್ಲ, ಬೆಳಗಿನ ಮೊದಲ ವಿಮಾನಗಳ ಮಟ್ಟಿಗೆ ಸಾಕು, ಆಮೇಲೆ ಇದನ್ನು ನಂಬುವಂತಿಲ್ಲ.

ಅದೇ ವಿಮಾನದ ಹಿಂದಿನ ಹಾರಾಟವನ್ನು ಗಮನಿಸುವುದು ಎರಡನೆಯದು. ಮಧ್ಯಾಹ್ನ 2:00ಕ್ಕೆ ಹೊರಡಬೇಕಾದ ವಿಮಾನ 1:40ಕ್ಕೆ ಇಳಿಯಲಿದೆ ಎನ್ನೋಣ. ನಿಲುಗಡೆಗೆ ಬರಲು 5 ನಿಮಿಷ, ಪ್ರಯಾಣಿಕರನ್ನು ಇಳಿಸಿ, ಇಂಧನ ತುಂಬಿ, ಮತ್ತೆ ಹತ್ತಿಸಲು ಕನಿಷ್ಠ 45 ನಿಮಿಷ ಬೇಕೆಂದರೆ, 2:30ಕ್ಕೆ ಮೊದಲು ಪುಶ್‌ಬ್ಯಾಕ್ (ವಿಮಾನವನ್ನು ನಿಲುಗಡೆಯಿಂದ ಹಿಂದಕ್ಕೆ ತಳ್ಳುವುದು) ಸಾಧ್ಯವೇ ಇಲ್ಲ. ಫ್ಲೈಟ್ ಪ್ಲಾನ್ ಮಾತ್ರ ಇನ್ನೂ 2:00 ಎಂದೇ ಹೇಳುತ್ತಿರುತ್ತದೆ. ಬರೀ ಕೂಡುವ ಲೆಕ್ಕವಾದರೂ, ಹೊರಡುವುದಕ್ಕೆ ಎರಡು-ಮೂರು ಗಂಟೆ ಮೊದಲಿನ ಅಂದಾಜಿನಲ್ಲಿ ಇದರಿಂದ ಸಿಕ್ಕಷ್ಟು ಸುಧಾರಣೆ ಬೇರೆ ಯಾವ ಒಂದು ಕ್ರಮದಿಂದಲೂ ಸಿಗಲಿಲ್ಲ. ಆದರೆ ಕಡೆಯ ಗಳಿಗೆಯಲ್ಲಿ ವಿಮಾನವನ್ನೇ ಬದಲಿಸಿದರೆ ಈ ಲೆಕ್ಕ ಪೂರ್ತಿ ಕೆಡುತ್ತದೆ.

ಮೂರನೆಯದು ಟಿಒಬಿಟಿ, ಅಂದರೆ ಬಾಗಿಲು ಮುಚ್ಚಿ ಪುಶ್‌ಬ್ಯಾಕ್‌ಗೆ ಸಿದ್ಧವಾಗುವ ಹೊತ್ತೆಂದು ವಿಮಾನಯಾನ ಸಂಸ್ಥೆ ಅಥವಾ ಗ್ರೌಂಡ್ ಹ್ಯಾಂಡ್ಲಿಂಗ್ ಸಿಬ್ಬಂದಿ ತಾವೇ ಘೋಷಿಸುವ ಸಮಯ. ಕೊನೆಯ ಅರ್ಧ ಗಂಟೆಯಲ್ಲಿ ಇದನ್ನು ಮೀರಿಸುವುದು ಕಷ್ಟ, ಏಕೆಂದರೆ ಲಗೇಜು ಇನ್ನೂ ಬಂದಿಲ್ಲವೆಂಬುದು ವಿಮಾನದ ಬಳಿ ನಿಂತವರಿಗೇ ಮೊದಲು ಗೊತ್ತಾಗುತ್ತದೆ. ಆದರೆ 10:20 ಎಂದಿದ್ದದ್ದು 10:19ರವರೆಗೂ ಹಾಗೇ ಇದ್ದು, ಒಮ್ಮೆಗೇ 10:35ಕ್ಕೆ ಜಿಗಿಯುವುದನ್ನು ದಾಖಲೆಗಳಲ್ಲಿ ಮತ್ತೆ ಮತ್ತೆ ಕಂಡೆ. ಸರದಿಯಲ್ಲಿ ಹಿಂದೆ ಬೀಳುವ ಭಯವಿರುವವರು ತಡವನ್ನು ಬೇಗ ಒಪ್ಪಿಕೊಳ್ಳುವುದಿಲ್ಲ, ಅದು ಸಹಜವೇ.

ನಾಲ್ಕನೆಯದಾದ, ಹಳೆಯ ದಾಖಲೆಗಳಿಂದ ಕಲಿತು ಅಂದಾಜಿಸುವ ಮಷೀನ್ ಲರ್ನಿಂಗ್ ಮಾದರಿ ಸರಾಸರಿ ತಪ್ಪಿನಲ್ಲಿ ಎಲ್ಲಕ್ಕಿಂತ ಮುಂದಿತ್ತು. ಆದರೆ ಹಿಂದಿನ ಹಾರಾಟದ ಮಾಹಿತಿಯನ್ನು ಅದರಿಂದ ತೆಗೆದೊಡನೆ ಆ ಮುನ್ನಡೆಯ ಬಹುಪಾಲು ಕರಗಿತು. ಅದರ ನಿಜವಾದ ಬಲವನ್ನು ಕಂಡದ್ದು ಟ್ಯಾಕ್ಸಿ ಅವಧಿಯಲ್ಲಿ: ಯಾವ ನಿಲುಗಡೆ, ಯಾವ ರನ್‌ವೇ, ಮುಂದೆ ಎಷ್ಟು ವಿಮಾನಗಳು ಕಾಯುತ್ತಿವೆ ಎಂಬುದನ್ನೆಲ್ಲ ಒಟ್ಟಿಗೆ ತೂಗುವ ಕೆಲಸವನ್ನು ಸ್ಥಿರ ಸಂಖ್ಯೆಯೊಂದು ಮಾಡಲಾರದು. ಜೊತೆಗೆ ಅದು ಒಂದೇ ಹೊತ್ತಿನ ಬದಲು ‘ಇಷ್ಟರಿಂದ ಇಷ್ಟರೊಳಗೆ’ ಎಂದೂ ಹೇಳಬಲ್ಲದು; ದಟ್ಟಣೆ ನಿರ್ವಹಿಸುವವರಿಗೆ ಸರಾಸರಿಯಲ್ಲಿ ಒಂದು ನಿಮಿಷ ಉಳಿಯುವುದಕ್ಕಿಂತ ಇದೇ ಹೆಚ್ಚು ಉಪಯುಕ್ತವೆಂದು ನನ್ನ ಎಣಿಕೆ. ರೆಕ್ಕೆಯ ಮೇಲಿನ ಹಿಮ ತೆಗೆಯಬೇಕಾದ ದಿನಗಳಲ್ಲಿ ಮಾತ್ರ ಈ ಮಾದರಿಯೂ ಸೋತಿತು.

ಹೊಸದಾಗಿ ವ್ಯವಸ್ಥೆ ಕಟ್ಟುವವರಿಗೆ ನನ್ನ ಸಲಹೆಯೆಂದರೆ, ಮೊದಲು ಎರಡನೆಯ ವಿಧಾನವನ್ನು ಅಳವಡಿಸಿ, ಕೊನೆಯ ಅರ್ಧ ಗಂಟೆಯನ್ನು ಟಿಒಬಿಟಿಗೆ ಬಿಟ್ಟು, ಮಾದರಿಯನ್ನು ಟ್ಯಾಕ್ಸಿ ಅವಧಿಯ ಅಂದಾಜಿನಿಂದ ಆರಂಭಿಸುವುದು.