ಬ್ಲ್ಯಾಕ್ ಐಸ್ ಮೇಲೆ ನಡೆಯೋಕೆ ಐಸ್ ಕ್ಲೀಟ್: ಎರಡು ಚಳಿಗಾಲ ಬಳಸಿ ಬರೆಯುತ್ತಿದ್ದೇನೆ

ಈ ಚಳಿಗಾಲಕ್ಕೆ ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರಾ? ಹಾಗಾದರೆ ದಪ್ಪ ಜಾಕೆಟ್ ಹುಡುಕುವ ಮೊದಲು ಇದನ್ನು ತಂದಿಡಿ. ಬೂಟಿನ ಮೇಲೆ ಎಳೆದು ಹಾಕಿಕೊಳ್ಳುವ ರಬ್ಬರ್ ಪಟ್ಟಿ, ಅಡಿಯಲ್ಲಿ ಲೋಹದ ಮೊಳೆ. ಇಲ್ಲಿ ಐಸ್ ಕ್ಲೀಟ್ ಅಂತಾರೆ. ನಾವಿರುವುದು ಕೆನಡಾದ ಬ್ರಾಂಪ್ಟನ್‌ನಲ್ಲಿ, ಟೊರೊಂಟೊ ಪಕ್ಕ. ಎರಡು ಚಳಿಗಾಲದಲ್ಲಿ ಮೂರು ತರಹದ್ದು ಬಳಸಿ ನೋಡಿದ್ದೇವೆ. ಬ್ರ್ಯಾಂಡ್ ಹೆಸರು ಬರೆಯುವುದಿಲ್ಲ, ಒಂದೊಂದು ತರಹವನ್ನೂ ನಾಲ್ಕೈದು ಕಂಪನಿಗಳು ಮಾಡುತ್ತವೆ. ನೋಡಬೇಕಾದ್ದು ಹೆಸರನ್ನಲ್ಲ, ಅಡಿಭಾಗವನ್ನು.

ಹೊಸದಾಗಿ ಬಂದವರೆಲ್ಲ ಹಿಮಕ್ಕೆ ಹೆದರುತ್ತಾರೆ. ಹಿಮ ಕಣ್ಣಿಗೆ ಕಾಣುತ್ತದೆ, ಅದಕ್ಕೇ ನಾವು ಹುಷಾರಾಗಿ ಕಾಲಿಡುತ್ತೇವೆ. ಬ್ಲ್ಯಾಕ್ ಐಸ್ ಕಾಣುವುದೇ ಇಲ್ಲ. ಹೆಸರಿಗೆ ಕಪ್ಪು ಅಷ್ಟೇ, ಅದಕ್ಕೆ ಬಣ್ಣವೇ ಇಲ್ಲ. ಗಾಜಿನ ಹಾಗೆ ತೆಳ್ಳಗೆ ಕಟ್ಟಿಕೊಂಡಿರುತ್ತದೆ, ಅದರೊಳಗಿಂದ ಟಾರು ಹಾಗೇ ಕಾಣುತ್ತದೆ, ನೋಡಿದವರು ರಸ್ತೆ ಒದ್ದೆಯಾಗಿದೆ ಅಂದುಕೊಳ್ಳುತ್ತಾರೆ. ಹಗಲು ಬಿಸಿಲಿಗೆ ಪಕ್ಕದ ಹಿಮದ ಗುಡ್ಡೆ ಕರಗಿ ನೀರು ಫುಟ್‌ಪಾತ್ ಮೇಲೆ ಹರಿಯುತ್ತದೆ, ರಾತ್ರಿ ಸೊನ್ನೆಗಿಂತ ಕೆಳಗೆ ಇಳಿದರೆ ಅಷ್ಟೂ ನೀರು ಹೆಪ್ಪುಗಟ್ಟುತ್ತದೆ, ಬೆಳಿಗ್ಗೆ ಕತ್ತಲಲ್ಲಿ ಬಸ್ಸಿಗೆ ಓಡುವವರ ಕಾಲಿಗೆ ಸಿಗುತ್ತದೆ. ನಮ್ಮ ಮಲೆನಾಡಿನ ಅಂಗಳದಲ್ಲೂ ಮಳೆಗಾಲದಲ್ಲಿ ಜಾರುತ್ತದೆ, ನಿಜ. ಆದರೆ ಪಾಚಿ ಹಸಿರಾಗಿ ಕಾಣುತ್ತೆ ಅಲ್ವಾ? ಅದರ ಮೇಲೆ ಅಡಿಕೆ ದಬ್ಬೆ ಹಾಸಿ ನಡೆಯಬಹುದು. ಇಲ್ಲಿ ಎಲ್ಲಿ ಹಾಸುವುದು?

ಹೋದ ವರ್ಷದ ಹಿಂದಿನ ಜನವರಿಯಲ್ಲಿ ಅಮ್ಮ ಬಂದಿದ್ದರು. ಮನೆಯ ಪಕ್ಕದ ಬಾಗಿಲಿನಿಂದ ಕಾರಿಗೆ ಹತ್ತು ಹೆಜ್ಜೆ. ಮಾಡಿನ ನೀರು ಇಳಿಯುವ ಪೈಪಿನ ಬಾಯಿ ಡ್ರೈವ್‌ವೇ ಕಡೆಗೇ ಇದೆ, ಅಲ್ಲಿಂದ ಒಂದು ಸಣ್ಣ ಧಾರೆ ಹರಿದು ಹೆಪ್ಪುಗಟ್ಟಿತ್ತು. ಅಗಲ ಒಂದು ಗೇಣು ಇರಬಹುದು, ಅಷ್ಟೇ. ಅಮ್ಮನ ಕಾಲಿಗೆ ಕ್ಲೀಟ್ ಇತ್ತು. 20 ಡಾಲರ್ ಕೊಟ್ಟು ತಂದಿದ್ದ, ಅಡಿಯಲ್ಲಿ ಸ್ಪ್ರಿಂಗಿನಂತೆ ತಂತಿ ಸುತ್ತಿರುವ ತರಹದ್ದು. ಹಿಮ್ಮಡಿ ಊರಿದ್ದೇ ತಡ, ಕಾಲು ಮುಂದಕ್ಕೆ ಹೋಯಿತು. ಕೈ ಊರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ನಾನು ಹಿಂದೆಯೇ ಇದ್ದೆ, ಹಿಡಿಯಲಿಕ್ಕೆ ಆಗಲಿಲ್ಲ. ಆಮೇಲೆ ನೋಡಿದರೆ ರಬ್ಬರ್ ಸಡಿಲವಾಗಿ ಕ್ಲೀಟ್ ಬೂಟಿನ ಪಕ್ಕಕ್ಕೆ ತಿರುಗಿಕೊಂಡಿತ್ತು. ಆರು ವಾರ ಪ್ಲಾಸ್ಟರ್ ಹಾಕಿಕೊಂಡು ಕಿಟಕಿ ಪಕ್ಕ ಕೂತಿದ್ದರು, ಎಡಗೈಯಲ್ಲಿ ಊಟ. ಆ ಪೈಪಿನ ಬಾಯನ್ನು ಮಾರನೇ ದಿನವೇ ಹುಲ್ಲಿನ ಕಡೆಗೆ ತಿರುಗಿಸಿದೆ. ನಿಮ್ಮ ಮನೆಯಲ್ಲೂ ಇವತ್ತೇ ಹೋಗಿ ನೋಡಿ.

ತಂತಿ ಸುತ್ತಿದ ತರಹದ್ದು ಒತ್ತಿ ಗಟ್ಟಿಯಾದ ಹಿಮದ ಮೇಲೆ ಚೆನ್ನಾಗಿಯೇ ಹಿಡಿಯುತ್ತದೆ. ಗಾಜಿನಂಥ ಐಸ್ ಮೇಲೆ ಅಲ್ಲ. ತಂತಿ ದುಂಡಗಿರುತ್ತದೆ, ಐಸಿಗೆ ಚುಚ್ಚುವುದಿಲ್ಲ. ಬರೀ ಕಾಂಕ್ರೀಟ್ ಮೇಲೆ ನಡೆದರೆ ಬೇಗ ಸವೆಯುತ್ತದೆ, ನಮ್ಮದು ಎರಡನೇ ತಿಂಗಳಿಗೇ ಬೆರಳಿನ ಕೆಳಗೆ ತುಂಡಾಯಿತು.

ಆಮೇಲೆ ತಂದದ್ದು ಸಣ್ಣ ಸಣ್ಣ ಟಂಗ್‌ಸ್ಟನ್ ಕಾರ್ಬೈಡ್ ಮೊಳೆ ಇರುವುದು. ಸುಮಾರು 60 ಡಾಲರ್. ಒಂದೊಂದು ಕಾಲಿಗೆ ಹತ್ತು ಮೊಳೆ, ಅದರಲ್ಲಿ ನಾಲ್ಕು ಹಿಮ್ಮಡಿಗೆ. ಹಿಮ್ಮಡಿಯದ್ದೇ ಮುಖ್ಯ. ನಡೆಯುವಾಗ ನೆಲಕ್ಕೆ ಮೊದಲು ತಾಗುವುದು ಅದೇ, ಜಾರುವುದೂ ಅಲ್ಲೇ. ಅಗ್ಗದ ಎಷ್ಟೋ ಕ್ಲೀಟ್‌ಗಳು ಬರೀ ಮುಂಗಾಲಿಗೆ ಮೊಳೆ ಕೊಟ್ಟು ಹಿಂದೆ ಸುಮ್ನೆ ರಬ್ಬರ್ ಬಿಡುತ್ತವೆ, ಅಂಥದ್ದನ್ನು ಕೊಳ್ಳಬೇಡಿ. ಇದನ್ನು ಹಾಕಿಕೊಂಡು ನಡೆದರೆ ಐಸ್ ಮೇಲೆ ಕರ್ ಕರ್ ಅಂತ ಸದ್ದು ಬರುತ್ತದೆ, ಮೊಳೆ ಕಚ್ಚಿಕೊಂಡದ್ದು ಪಾದಕ್ಕೇ ಗೊತ್ತಾಗುತ್ತದೆ. ಅಪ್ಪನಿಗೆ 74. ಕಳೆದ ಫೆಬ್ರವರಿಯಲ್ಲಿ ಅವರು ದಿನಾ ಬೆಳಿಗ್ಗೆ ಮೂಲೆ ಅಂಗಡಿವರೆಗೆ ಹೋಗಿ ಹಾಲು ತರುತ್ತಿದ್ದರು.

ಹಾಕಿಕೊಳ್ಳುವುದು ಮಾತ್ರ ಕಷ್ಟ. ಚಳಿಗೆ ರಬ್ಬರ್ ಬಿಗಿಯುತ್ತದೆ, ಆದ್ದರಿಂದ ಹೊರಗೆ ನಿಂತು ಹಾಕಲು ಹೋಗಬೇಡಿ. ಒಳಗೇ ಕುರ್ಚಿ ಮೇಲೆ ಕೂತು, ಮೊದಲು ಬೆರಳಿನ ಕಡೆ ಸಿಕ್ಕಿಸಿ, ಆಮೇಲೆ ಹಿಂದಿನ ಕಿವಿ ಹಿಡಿದು ಹಿಮ್ಮಡಿಗೆ ಎಳೆಯಬೇಕು. ಅಮ್ಮನ ಬೆರಳುಗಳಲ್ಲಿ ಅಷ್ಟು ಬಲ ಇಲ್ಲ, ಅವರಿಗೆ ನಾವೇ ಹಾಕಿಕೊಡುತ್ತೇವೆ.

ಇನ್ನೊಂದು ವಿಷಯ, ಪೆಟ್ಟಿಗೆ ಮೇಲೆ ಸಣ್ಣ ಅಕ್ಷರದಲ್ಲಿ ಇರುವುದರಿಂದ ಯಾರೂ ಓದುವುದಿಲ್ಲ: ಟೈಲ್ಸ್ ಮೇಲೆ ಈ ಮೊಳೆಗಳೇ ಜಾರುತ್ತವೆ. ಅಂಗಡಿ, ಸ್ಟೇಷನ್, ಆಸ್ಪತ್ರೆ, ದೇವಸ್ಥಾನ, ಎಲ್ಲಿ ಒಳಗೆ ಹೋದರೂ ಬಾಗಿಲಲ್ಲೇ ಬಿಚ್ಚಬೇಕು. ಹಾಕಿಕೊಂಡು ಕಾರು ಓಡಿಸಲೂಬಾರದು, ಪೆಡಲಿಗೆ ಸಿಕ್ಕಿಕೊಳ್ಳುತ್ತದೆ. ಮೂರನೇ ತರಹದ್ದು, ಚೈನು ಮತ್ತು ಉದ್ದ ಮುಳ್ಳು ಇರುವುದು, ಕಾಡಿನ ದಾರಿಗೆ ಒಳ್ಳೆಯದು. ಫುಟ್‌ಪಾತಿಗೆ ಜಾಸ್ತಿ ಎತ್ತರ, ಕಾಲು ಉಳುಕುತ್ತದೆ.

ಕ್ಲೀಟ್ ಇದ್ದರೂ ಬೂಟು ಒಳ್ಳೆಯದಿರಬೇಕು. ಟೊರೊಂಟೊದ ಕೈಟ್ ಸಂಶೋಧನಾ ಸಂಸ್ಥೆಯವರು ಐಸ್ ನೆಲವನ್ನು ನಿಧಾನಕ್ಕೆ ಓರೆ ಮಾಡುತ್ತಾ, ಅದರ ಮೇಲೆ ಜನರನ್ನು ನಡೆಸಿ ಬೂಟು ಪರೀಕ್ಷೆ ಮಾಡುತ್ತಾರೆ. ಬೀಳದಂತೆ ಅವರ ಮೈಗೆ ರಕ್ಷಣೆಯ ಪಟ್ಟಿ ಕಟ್ಟಿರುತ್ತಾರೆ. 7 ಡಿಗ್ರಿ ಓರೆಯಲ್ಲಿ ಜಾರದಿದ್ದರೆ ಬೂಟಿಗೆ ಒಂದು ಸ್ನೋಫ್ಲೇಕ್ (ಹಿಮದ ಹರಳಿನ ಗುರುತು), 11ಕ್ಕೆ ಎರಡು, 15ಕ್ಕೆ ಮೂರು. 2016ರಲ್ಲಿ ಮೊದಲ ಸಲ ಫಲಿತಾಂಶ ಹೊರಗೆ ಬಂದಾಗ 98 ಬೂಟುಗಳಲ್ಲಿ ಒಂದು ಸ್ನೋಫ್ಲೇಕ್ ಆದರೂ ಪಡೆದದ್ದು ಹತ್ತಕ್ಕಿಂತ ಕಡಿಮೆ. ಪಟ್ಟಿ ಅವರ 'ರೇಟ್ ಮೈ ಟ್ರೆಡ್ಸ್' ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಬೂಟು ಕೊಳ್ಳುವ ಮೊದಲು ನೋಡಿ.

ಕಾರಿನವರು ವಿಂಟರ್ ಟೈರ್ ಹಾಕಿಸಲೇಬೇಕು. ಪಕ್ಕದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ, ನಮ್ಮ ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ, ಅದಕ್ಕೇ ಎಷ್ಟೋ ಜನ ಆಲ್ ಸೀಸನ್ ಟೈರಿನಲ್ಲೇ ಕಾಲ ಹಾಕುತ್ತಾರೆ. 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಇನ್ಶೂರೆನ್ಸ್‌ನಲ್ಲಿ ರಿಯಾಯಿತಿಯೂ ಇದೆ, ಕೇಳಿ ಪಡೆಯಿರಿ. ಆದರೆ ಒಳ್ಳೆಯ ಟೈರೂ ಬ್ಲ್ಯಾಕ್ ಐಸ್ ಮೇಲೆ ಜಾರುತ್ತದೆ. ಸೇತುವೆ, ಫ್ಲೈಓವರ್ ಮೊದಲು ಹೆಪ್ಪುಗಟ್ಟುತ್ತವೆ, ಮೇಲೂ ಕೆಳಗೂ ತಣ್ಣನೆ ಗಾಳಿ ಆಡುತ್ತಿರುತ್ತದೆ. ಡ್ಯಾಶ್‌ಬೋರ್ಡ್ ತೋರಿಸುವುದು ಗಾಳಿಯ ಶಾಖವನ್ನು, ರಸ್ತೆಯದ್ದನ್ನಲ್ಲ, ಅಲ್ಲಿ 2 ಅಂತ ಇದ್ದರೂ ನಂಬಬೇಡಿ. ಕಾರು ತೇಲಿದ ಹಾಗೆ ಅನಿಸಿದರೆ ಬ್ರೇಕ್ ತುಳಿಯದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಹೋಗಬೇಕಾದ ಕಡೆಗೆ ಸ್ಟೀರಿಂಗ್ ಮೆಲ್ಲಗೆ ಹಿಡಿದುಕೊಳ್ಳಿ. ಉಪ್ಪು ಹಾಕಿದ್ದಾರಲ್ಲ ಅಂತ ಧೈರ್ಯ ಮಾಡಬೇಡಿ, ಮೈನಸ್ 10ರ ಆಸುಪಾಸಿಗೆ ಬಂದರೆ ಉಪ್ಪು ಅಷ್ಟಾಗಿ ಕೆಲಸ ಮಾಡುವುದಿಲ್ಲ.

ನಮ್ಮ ಬೇಸ್‌ಮೆಂಟಿನಲ್ಲಿ ಹಾಸನದ ಹುಡುಗ ಒಬ್ಬ ಇದ್ದಾನೆ, ಓದುತ್ತಾ ಸಂಜೆ ಸೈಕಲ್‌ನಲ್ಲಿ ಫುಡ್ ಡೆಲಿವರಿ ಮಾಡುತ್ತಾನೆ. ಅವನನ್ನು ನೋಡಿದರೆ ನನಗೆ ಕರುಳು ಚುರುಕ್ ಅನ್ನುತ್ತದೆ. ಮೊಳೆ ಇರುವ ಸೈಕಲ್ ಟೈರ್ ಸಿಗುತ್ತದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಎರಡಕ್ಕೂ ದುಡ್ಡಿಲ್ಲದಿದ್ದರೆ ಮೊದಲು ಮುಂದಿನ ಚಕ್ರಕ್ಕೆ ಹಾಕಿಸು ಅಂದೆ. ಹಿಂದಿನದು ಜಾರಿದರೆ ಹೇಗೋ ಕಾಲು ಕೊಟ್ಟು ನಿಲ್ಲಬಹುದು, ಮುಂದಿನದು ಜಾರಿದರೆ ಕೈ ಚಾಚಲೂ ಸಮಯ ಇರುವುದಿಲ್ಲ. ಫ್ರೀಜಿಂಗ್ ರೇನ್ (ನೆಲಕ್ಕೆ ಬಿದ್ದ ಕೂಡಲೇ ಹೆಪ್ಪುಗಟ್ಟುವ ಮಳೆ) ಎಚ್ಚರಿಕೆ ಬಂದ ದಿನ ಹೋಗಲೇಬೇಡ ಅಂತಲೂ ಹೇಳಿದ್ದೇನೆ. ಒಂದು ಸಂಜೆಯ ಸಂಪಾದನೆ ಹೋದರೆ ಹೋಗಲಿ.

ಕ್ಲೀಟ್ ಕೊಳ್ಳುವವರು ನವೆಂಬರ್ ಒಳಗೇ ಕೊಳ್ಳಿ. ಮೊದಲ ಸಲ ರಸ್ತೆ ಜಾರಿದ ವಾರವೇ ಸಣ್ಣ ಸೈಜ್ ಖಾಲಿಯಾಗುತ್ತದೆ, ನಮ್ಮ ಅಮ್ಮಂದಿರಿಗೆ ಬೇಕಾದದ್ದು ಅದೇ. ಊರಿನ ಚಪ್ಪಲಿ ಅಳತೆ ಕೇಳಿ ತರಬೇಡಿ, ಬೂಟು ಮೊದಲು ಕೊಂಡು ಅದರ ಮೇಲೆ ಹಾಕಿ ನೋಡಿ. ಹಾಕಿದ ಮೇಲೆ ಪಕ್ಕದಿಂದ ಜೋರಾಗಿ ಎಳೆಯಿರಿ. ತಿರುಗಿದರೆ ಅದು ದೊಡ್ಡದು, ವಾಪಸ್ ಕೊಟ್ಟು ಒಂದು ಸೈಜ್ ಚಿಕ್ಕದು ತನ್ನಿ.