ಬೇಸಗೆಗೆ ಸುಣ್ಣದ ತಿಳಿನೀರು, ಮಳೆಗಾಲಕ್ಕೆ ಎರಡು ಬಾಟಲಿ

ಮಂಗಳೂರು ಕದ್ರಿಯ ನಮ್ಮ ಮನೆಯ ಚಾವಡಿಯಲ್ಲಿ ಒಂದು ರೀಫ್ ಟ್ಯಾಂಕ್ ಇದೆ, ಅಂದರೆ ಹವಳದ ದಿಬ್ಬದ ಜೀವಿಗಳನ್ನು ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿ. ಕಲ್ಲು, ಮರಳು ಕಳೆದರೆ ಅದರಲ್ಲಿ ನಿಲ್ಲುವ ಸಮುದ್ರದ ನೀರು 180 ಲೀಟರ್. ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣದಕಲ್ಲು ಆಗುವ ಕಾರ್ಬೊನೇಟ್ ನೀರಿನಲ್ಲಿ ಎಷ್ಟಿದೆ ಎಂದು ಹೇಳುವುದು ಆಲ್ಕಲಿನಿಟಿ, ಡಿಕೆಎಚ್ ಅದರ ಅಳತೆ. ದಿನಕ್ಕೆ 0.6 ಡಿಕೆಎಚ್‌ನಷ್ಟು ಆಲ್ಕಲಿನಿಟಿ ಈ ಟ್ಯಾಂಕಿನಲ್ಲಿ ಖರ್ಚಾಗುತ್ತದೆ. ಈ ಖರ್ಚನ್ನು ತುಂಬಿಕೊಡಲು ಎರಡು ವರ್ಷ ಇದೇ ಟ್ಯಾಂಕಿನಲ್ಲಿ ಮೂರು ದಾರಿ ಪ್ರಯತ್ನಿಸಿದೆ. ಮೊದಲು ಬರೀ ನೀರು ಬದಲಿಸಿದೆ, ಆಮೇಲೆ ಸುಣ್ಣದ ತಿಳಿನೀರು ಹಾಕಿದೆ, ಕೊನೆಗೆ ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿಯ ಎರಡು ಬಾಟಲಿಗೆ ಬಂದೆ. ಯಾವುದು ಒಳ್ಳೆಯದು ಎಂದು ಕೇಳಿದವರಿಗೆ ನಾನು ಮೊದಲು ಕೇಳುವುದು ಈಗ ಯಾವ ತಿಂಗಳು ಎಂದು.

ನನ್ನ ಟ್ಯಾಂಕಿನಲ್ಲಿ ಗಟ್ಟಿ ಹವಳ ಒಂದೂ ಇಲ್ಲ. ರೀಫ್ ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಅವನ್ನು ನೇತ್ರಾಣಿಯ ಹತ್ತಿರ ಮುಳುಗಿ ಕಣ್ತುಂಬ ನೋಡಿ ಬರಬೇಕು, ಮನೆಗೆ ತರಬಾರದು. ಹಾಗಾದರೆ ಇಷ್ಟೊಂದು ಕ್ಯಾಲ್ಸಿಯಂ ತಿನ್ನುವವರು ಯಾರು? ಹೆಚ್ಚಿನ ಪಾಲು ಹಲಿಮೇಡ ಎಂಬ ಹಸಿರು ಪಾಚಿಯದ್ದು. ನಾಣ್ಯ ಪೋಣಿಸಿದ ಹಾಗೆ ಬೆಳೆಯುವ ಅದರ ಒಂದೊಂದು ಬಿಲ್ಲೆಯ ಒಳಗೂ ಸುಣ್ಣ ತುಂಬಿರುತ್ತದೆ. ಕಲ್ಲಿನ ಮೇಲೆ ಹರಡುವ ಗುಲಾಬಿ ಬಣ್ಣದ ಕೊರಲೈನ್ ಪಾಚಿಗೆ ಒಂದು ಪಾಲು, ಬಸವನಹುಳುಗಳಿಗೆ ಇನ್ನೊಂದು. ಹವಳದ ಬಳಗದವೇ ಆದ ಮೆತ್ತನೆಯ ಮಶ್ರೂಮ್, ಜೋಆಂಥಿಡ್‌ಗಳಿಗೆ ಅಸ್ಥಿಪಂಜರ ಇಲ್ಲ, ಅವುಗಳಿಂದ ಖರ್ಚೂ ಇಲ್ಲ.

ಸುಣ್ಣದಕಲ್ಲು ಕಟ್ಟುವ ಜೀವಿ 20 ಪಿಪಿಎಂ (ಲೀಟರಿಗೆ 20 ಮಿಲಿಗ್ರಾಂ) ಕ್ಯಾಲ್ಸಿಯಂ ತೆಗೆದುಕೊಂಡರೆ ಅದರ ಜೊತೆ 2.8 ಡಿಕೆಎಚ್ ಆಲ್ಕಲಿನಿಟಿಯೂ ಹೋಗುತ್ತದೆ. ನನ್ನ ಲೆಕ್ಕದಲ್ಲಿ ದಿನಕ್ಕೆ 0.6 ಡಿಕೆಎಚ್ ಎಂದರೆ ಕ್ಯಾಲ್ಸಿಯಂ ಬರೀ 4 ಪಿಪಿಎಂ. 420ರಲ್ಲಿ 4 ಕಡಿಮೆಯಾದದ್ದು ಮನೆಯ ಟೆಸ್ಟ್ ಕಿಟ್‌ಗೆ ಗೊತ್ತೇ ಆಗುವುದಿಲ್ಲ, 8ರಲ್ಲಿ 0.6 ಹೋದದ್ದು ತಕ್ಷಣ ಕಾಣುತ್ತದೆ. ಅದಕ್ಕೇ ಎರಡು ದಿನಕ್ಕೊಮ್ಮೆ, ಬೆಳಿಗ್ಗೆ ಒಂದೇ ಹೊತ್ತಿಗೆ ಆಲ್ಕಲಿನಿಟಿ ನೋಡುತ್ತೇನೆ. ಕ್ಯಾಲ್ಸಿಯಂ ಹದಿನೈದು ದಿನಕ್ಕೊಮ್ಮೆ, ಮೆಗ್ನೀಷಿಯಂ ತಿಂಗಳಿಗೊಮ್ಮೆ ನೋಡಿದರೆ ಸಾಕು.

ನೀರು ಬದಲಿಸಿ ನೋಡಿದ್ದು ಮೊದಲ ಚಳಿಗಾಲದಲ್ಲಿ. ಮೀನುಗಾರಿಕೆಯ ಧಕ್ಕೆಯಿಂದ ಹೊರಡುವ ಬೋಟಿನವರೊಬ್ಬರು, ನಾನು ಅಣ್ಣ ಎಂದೇ ಕರೆಯುವವರು, ದಡದಿಂದ ಬಹಳ ಹೊರಗೆ ಹೋದಾಗ ಎರಡು ಕ್ಯಾನ್ ನೀರು ತುಂಬಿಸಿ ತಂದುಕೊಡುತ್ತಿದ್ದರು. ಸ್ಫಟಿಕದಂಥ ನೀರು. ಆದರೆ ಸಮುದ್ರದ ನೀರಿನಲ್ಲೇ ಆಲ್ಕಲಿನಿಟಿ ಇರುವುದು 7 ಡಿಕೆಎಚ್ ಆಸುಪಾಸು. 6ಕ್ಕೆ ಇಳಿದ ಟ್ಯಾಂಕಿನಲ್ಲಿ ಹತ್ತನೇ ಒಂದು ಪಾಲು ನೀರು ಬದಲಿಸಿದರೆ ಏರುವುದು 0.1. ವಾರದ ಖರ್ಚು 4.2. ನಾಲ್ಕನೇ ವಾರಕ್ಕೆ 5.5ರಲ್ಲಿ ನಿಂತಿತು. ಸಂತೋಷಪಟ್ಟು ಟ್ಯಾಂಕಿನ ಒಳಗೆ ನೋಡಿದರೆ ಹಲಿಮೇಡದ ತುದಿಗಳು ಬಿಳಿಚಿಕೊಂಡು ಬೆಳವಣಿಗೆಯೇ ನಿಂತುಹೋಗಿತ್ತು. ತಿನ್ನುವವರು ತಿನ್ನುವುದನ್ನು ಬಿಟ್ಟದ್ದರಿಂದ ಅಂಕಿ ನಿಂತಿತ್ತು. ನೀರು ಬದಲಿಸಲು ಬೇರೆ ಕಾರಣಗಳಿವೆ, ನಾನು ಈಗಲೂ ಬದಲಿಸುತ್ತೇನೆ. ಈ ಕೆಲಸ ಮಾತ್ರ ಅದರಿಂದ ಆಗದು. ಅಲ್ಲದೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ನೇತ್ರಾವತಿ ಮತ್ತು ಗುರುಪುರ ನದಿಗಳ ಕೆಂಪು ನೀರು ಬಂದು ಸೇರುವ ದಡದ ನೀರನ್ನು ಆಗ ನಾನು ಮುಟ್ಟುವುದಿಲ್ಲ.

ಮಾರ್ಚಿನಲ್ಲಿ ಸುಣ್ಣದ ತಿಳಿನೀರಿಗೆ ಬಂದೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಆರ್‌ಒ ನೀರಿಗೆ ಹಾಕಿ ಕಲಕಿ, ಅಡಿಗೆ ಗಷ್ಟು ಇಳಿದ ಮೇಲೆ ಮೇಲಿನ ತಿಳಿಯನ್ನು ಬಳಸುವುದು. ಲೀಟರಿಗೆ ಒಂದೂವರೆ ಗ್ರಾಂ ಚಿಲ್ಲರೆಯಷ್ಟೇ ಕರಗುತ್ತದೆ, ಮಿಕ್ಕದ್ದು ತಳದಲ್ಲೇ ಉಳಿಯುತ್ತದೆ. "ಎಲೆಗೆ ಹಚ್ಚುವ ಸುಣ್ಣವೇ ಅಲ್ವಾ ಮಗಾ ಅದು?" ಎಂದು ಅಜ್ಜಿ ಕೇಳಿದರು. ಹೌದು, ವಸ್ತು ಒಂದೇ. ಮರುವಾಯಿ ಚಿಪ್ಪು ಕಡಲಿನಿಂದ ತೆಗೆದ ಕ್ಯಾಲ್ಸಿಯಂ ಗೂಡಿನಲ್ಲಿ ಸುಟ್ಟು ಸುಣ್ಣವಾಗಿ ಮತ್ತೆ ಕಡಲಿನ ನೀರಿಗೇ ಬರುವುದು ನನಗೆ ಬಹಳ ಇಷ್ಟವಾದ ವಿಷಯ. ಆದರೂ ಎಲೆ ಸುಣ್ಣವನ್ನು ಟ್ಯಾಂಕಿಗೆ ಹಾಕಿಲ್ಲ, ಅದರಲ್ಲಿ ಬೇರೇನು ಸೇರಿದೆ ಎಂದು ತಿಳಿಯುವ ದಾರಿ ನನಗಿಲ್ಲ. ತೋಟದ ಸಾಮಾನು ಮಾರುವ ಅಂಗಡಿಯ ಸುಣ್ಣವಂತೂ ಬೇಡವೇ ಬೇಡ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು, ಸುಣ್ಣ ಎರಡೂ ಬೇಕು, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿದೆ. ಮೈಲುತುತ್ತು ಎಂದರೆ ತಾಮ್ರ. ಚಿಟಿಕೆ ತಾಮ್ರ ಸಾಕು ಬಸವನಹುಳುಗಳನ್ನು ಕೊಲ್ಲಲು. ಲ್ಯಾಬಿಗೆ ಸಾಮಾನು ಕೊಡುವ ಅಂಗಡಿಯಿಂದ ಶುದ್ಧ ಪುಡಿ ತಂದರೆ ಮುಕ್ಕಾಲು ಕಿಲೋ ಒಂದು ವರ್ಷ ಬರುತ್ತದೆ.

ತಿಳಿನೀರಿನ ಪಿಎಚ್ 12 ದಾಟುತ್ತದೆ, ಸುರಿಯುವಂತಿಲ್ಲ. ಮೆಡಿಕಲ್ ಶಾಪಿನ ಗ್ಲೂಕೋಸ್ ಡ್ರಿಪ್ ಸೆಟ್ ಇದಕ್ಕೆ ಬಹಳ ಅನುಕೂಲ. ಮಿಲಿಲೀಟರಿಗೆ 20 ಹನಿ ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ 33 ಹನಿ ಇಟ್ಟರೆ ಹತ್ತು ಗಂಟೆಗೆ ಒಂದು ಲೀಟರ್ ಇಳಿಯುತ್ತದೆ. ದೀಪ ಆರಿದ ಮೇಲೆ ಟ್ಯಾಂಕಿನ ಪಿಎಚ್ ಇಳಿಯುವುದರಿಂದ ರಾತ್ರಿಯೇ ಬಿಡುತ್ತೇನೆ. ನನ್ನ ದಿನದ ಖರ್ಚಿಗೆ ಬೇಕಾದದ್ದು ಸರಿಸುಮಾರು ಆ ಒಂದು ಲೀಟರೇ. ಏಪ್ರಿಲ್, ಮೇ ಎರಡು ತಿಂಗಳೂ ಆಲ್ಕಲಿನಿಟಿ 8ರ ಗೆರೆ ಬಿಡಲಿಲ್ಲ. ಕ್ಯಾಲ್ಸಿಯಂ ಕೂಡ ಅದರ ಜೊತೆಜೊತೆಗೇ ನಿಂತಿತ್ತು, ಏಕೆಂದರೆ ಇದರಲ್ಲಿ ಎರಡೂ ಬೇಕಾದ ಪ್ರಮಾಣದಲ್ಲೇ ಬರುತ್ತವೆ, ಮಿಕ್ಕಿ ಏನೂ ಉಳಿಯುವುದಿಲ್ಲ. ಕೊರಲೈನ್ ಹಿಂದಿನ ಗಾಜನ್ನೆಲ್ಲ ಆವರಿಸಿತು.

ಒಂದು ದುರಂತವೂ ಆಯಿತು. ಡ್ರಿಪ್ಪಿಗೆ ಬರುವ ಮುಂಚೆ ಫ್ಲೋಟ್ ಸ್ವಿಚ್ಚಿಗೆ ಪಂಪ್ ಕಟ್ಟಿ ಸುಣ್ಣದ ನೀರು ಬಿಡುತ್ತಿದ್ದೆ. ಒಂದು ರಾತ್ರಿ ಬಸವನಹುಳು ಹತ್ತಿ ಕೂತು ಫ್ಲೋಟ್ ಕೆಳಗೇ ಉಳಿಯಿತು, ಪಂಪ್ ನಿಲ್ಲಲಿಲ್ಲ, ತಳದ ಗಷ್ಟೂ ಸೇರಿ ಟ್ಯಾಂಕಿಗೆ ಬಂತು. ಬೆಳಿಗ್ಗೆ ನೀರು ಹಾಲಿನಂತಿತ್ತು, ಪಿಎಚ್ 8.9. ಎರಡು ಹುಳು ಸತ್ತವು, ಜೋಆಂಥಿಡ್ ಮೂರು ದಿನ ಅರಳಲಿಲ್ಲ. ಇಂದಿಗೂ ನೆನೆದರೆ ಸಂಕಟವಾಗುತ್ತದೆ. ಸುಣ್ಣದ ನೀರನ್ನು ಸ್ವಿಚ್ಚಿನ ಕೈಗೆ ಕೊಡಲೇಬೇಡಿ.

ಆಮೇಲೆ ಮಳೆ ಬಂತು. ಬೇಸಗೆಯಲ್ಲಿ ನೀರು ತಂಪಾಗಿಡಲು ಫ್ಯಾನ್ ಓಡುತ್ತಿತ್ತು, ದಿನಕ್ಕೆ 3 ಲೀಟರ್ ಆರುತ್ತಿತ್ತು. ಒಂದು ಲೀಟರ್ ಸುಣ್ಣದ ನೀರು, ಎರಡು ಲೀಟರ್ ಆರ್‌ಒ ನೀರು ಹಾಕಲು ಜಾಗವಿತ್ತು. ಜೂನ್ ಎರಡನೇ ವಾರ ಫ್ಯಾನ್ ಬೇಡವಾಯಿತು, ಒಗೆದ ಬಟ್ಟೆಯೇ ಒಣಗದ ಹವೆಯಲ್ಲಿ ಟ್ಯಾಂಕಿನ ನೀರು ಆರುವುದೆಲ್ಲಿಂದ? ಆರುತ್ತಿದ್ದದ್ದು ದಿನಕ್ಕೆ 700 ಮಿಲಿಲೀಟರ್. ಅಷ್ಟನ್ನೇ ಸುಣ್ಣದ ನೀರಾಗಿ ಕೊಟ್ಟೆ, ಹತ್ತು ದಿನಕ್ಕೆ ಆಲ್ಕಲಿನಿಟಿ 8.2ರಿಂದ 6.6ಕ್ಕೆ ಇಳಿಯಿತು. ಹಟ ಹಿಡಿದು ಲೀಟರ್ ಪೂರ್ತಿ ಕೊಟ್ಟು ಹೆಚ್ಚಾದ ನೀರನ್ನು ತೆಗೆದೆ, ತಿಂಗಳಲ್ಲಿ ಉಪ್ಪಿನಂಶ ಸಾವಿರಕ್ಕೆ 35ರಿಂದ 33ರ ಚಿಲ್ಲರೆಗೆ ಬಂತು.

ಎರಡು ಬಾಟಲಿಗೆ ಬಂದದ್ದು ಆಗ. ಒಂದು ಬಾಟಲಿಯಲ್ಲಿ ಲೀಟರಿಗೆ 132 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್. ಇನ್ನೊಂದಕ್ಕೆ 157 ಗ್ರಾಂ ಅಡುಗೆ ಸೋಡಾವನ್ನು ಓವನ್ನಿನಲ್ಲಿ 150 ಡಿಗ್ರಿಯಲ್ಲಿ ಒಂದು ಗಂಟೆ ಹುರಿದು, ಒಂದು ಲೀಟರ್ ಆಗುವಷ್ಟು ನೀರಿನಲ್ಲಿ ಕರಗಿಸಿದ್ದು. ಹುರಿದಾಗ ಅದು ಸೋಡಿಯಂ ಕಾರ್ಬೊನೇಟ್ ಆಗುತ್ತದೆ, ಪಿಎಚ್ ಏರಿಸುತ್ತದೆ. ಕಿಟಕಿ ಮುಚ್ಚಿದ ಮಳೆಗಾಲದ ಮನೆಯಲ್ಲಿ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡಿನಿಂದ ಟ್ಯಾಂಕಿನ ಪಿಎಚ್ 7.8ಕ್ಕೆ ಇಳಿಯುವಾಗ ಇದು ನಿಜಕ್ಕೂ ಬೇಕು. ದಿನಕ್ಕೆ ಎರಡರಿಂದಲೂ 20 ಮಿಲಿಲೀಟರ್, ಒಂದು ಬೆಳಿಗ್ಗೆ, ಇನ್ನೊಂದು ಸಂಜೆ. ಒಟ್ಟಿಗೆ ಹಾಕಿದರೆ ಬಿಳಿ ಪುಡಿಯಾಗಿ ತಳ ಸೇರುತ್ತದೆ. ಆರುವ ನೀರಿಗೂ ಇದಕ್ಕೂ ಸಂಬಂಧವಿಲ್ಲ, ಅದೇ ಇದರ ದೊಡ್ಡ ಗುಣ.

ಇದರ ದೋಷವೂ ಮಳೆಗಾಲದ್ದೇ. ಕಪಾಟಿನ ತೇವ ಹೀರಲು ಇಡುವ ಡಬ್ಬಿಗಳಲ್ಲಿ ಇರುವುದು ಇದೇ ಕ್ಯಾಲ್ಸಿಯಂ ಕ್ಲೋರೈಡ್. ಜುಲೈಯಲ್ಲಿ ಪೊಟ್ಟಣ ತೆರೆದು ಅರ್ಧ ಉಳಿಸಿದೆ, ಎರಡು ದಿನದಲ್ಲಿ ಬೆಲ್ಲದ ಪಾಕದಂತಾಯಿತು. ಅದನ್ನು ತೂಗಿದರೆ ತೂಕದಲ್ಲಿ ಎಷ್ಟು ನೀರು ಎಂದು ಯಾರಿಗೆ ಗೊತ್ತು? ಈಗ ಮೇ ತಿಂಗಳಲ್ಲೇ ಇಡೀ ಪೊಟ್ಟಣ ಕರಗಿಸಿ ಬಾಟಲಿ ತುಂಬಿಡುತ್ತೇನೆ. ಇನ್ನೊಂದು ತೊಂದರೆ, ಕ್ಯಾಲ್ಸಿಯಂ, ಕಾರ್ಬೊನೇಟ್ ಖರ್ಚಾದ ಮೇಲೆ ಸೋಡಿಯಂ, ಕ್ಲೋರೈಡ್ ನೀರಿನಲ್ಲೇ ಉಳಿಯುತ್ತವೆ. ನನ್ನ ಡೋಸಿನಲ್ಲಿ ಅದು ತಿಂಗಳಿಗೆ ಸುಮಾರು 68 ಗ್ರಾಂ ಉಪ್ಪು.

ಇದೇ ಕೆಲಸಕ್ಕೆ ಕ್ಯಾಲ್ಸಿಯಂ ರಿಯಾಕ್ಟರ್ ಎಂಬ ಸಾಧನವೂ ಇದೆ, ಇಂಗಾಲದ ಡೈಆಕ್ಸೈಡ್ ಬಿಟ್ಟು ಸುಣ್ಣದ ಚೂರುಗಳನ್ನು ಕರಗಿಸುವಂಥದ್ದು. ಮಣಿಪಾಲದ ಗೆಳೆಯರೊಬ್ಬರು ಊರಲ್ಲಿಲ್ಲದಾಗ ಅವರದ್ದನ್ನು ಒಂದು ತಿಂಗಳು ನೋಡಿಕೊಂಡೆ. ಸಿಲಿಂಡರ್, ರೆಗ್ಯುಲೇಟರ್, ಗುಳ್ಳೆ ಎಣಿಸುವುದು, ಮೇಲಿಂದ ಪಿಎಚ್ ಇಳಿಸುವ ಗ್ಯಾಸ್. ಗಟ್ಟಿ ಹವಳ ಇಡದ ಮನೆಗೆ ಅದು ಬೇಡ.

ಮೆಗ್ನೀಷಿಯಂ ಯಾವ ದಾರಿಯಲ್ಲೂ ತಾನಾಗಿ ಸರಿಹೋಗದು. ಕೊರಲೈನ್ ಅದನ್ನೂ ಸ್ವಲ್ಪ ಎಳೆದುಕೊಳ್ಳುತ್ತದೆ. 1300ರ ಹತ್ತಿರ ಇರಬೇಕಾದದ್ದು 1200ಕ್ಕೆ ಇಳಿದಾಗ ಹೀಟರಿನ ಮೇಲೆ, ಪಂಪಿನ ಒಳಗೆ ಸುಣ್ಣ ಕಟ್ಟತೊಡಗಿತು. 180 ಲೀಟರಿಗೆ 100 ಪಿಪಿಎಂ ಏರಿಸಲು 18 ಗ್ರಾಂ ಮೆಗ್ನೀಷಿಯಂ ಬೇಕು, ಅಂದರೆ ಹರಳು ಮೆಗ್ನೀಷಿಯಂ ಕ್ಲೋರೈಡ್ 150 ಗ್ರಾಂ. ನಾಲ್ಕು ದಿನಕ್ಕೆ ಹಂಚಿ ಹಾಕಿದೆ.

ಈಗ ನಡೆಯುತ್ತಿರುವ ಕ್ರಮ ಹೀಗೆ: ಅಕ್ಟೋಬರಿನಿಂದ ಮೇ ಕೊನೆಯವರೆಗೆ ರಾತ್ರಿಗೆ ಒಂದು ಲೀಟರ್ ಸುಣ್ಣದ ತಿಳಿನೀರು, ಬೇರೇನೂ ಇಲ್ಲ. ಜೂನಿನಿಂದ ಅರ್ಧ ಲೀಟರ್ ತಿಳಿನೀರು, ಮಿಕ್ಕ ಅರ್ಧಕ್ಕೆ ಎರಡು ಬಾಟಲಿಯಿಂದ 10 ಮಿಲಿಲೀಟರ್. ಉಳಿಯುವ ಉಪ್ಪೂ ಅರ್ಧವಾಗುತ್ತದೆ, ರಾತ್ರಿಯ ಪಿಎಚ್ಚೂ ನಿಲ್ಲುತ್ತದೆ. ಸೆಪ್ಟೆಂಬರ್ ಕೊನೆಗೆ ಬಿಸಿಲು ಬಿದ್ದು ದಿನಕ್ಕೆ ಒಂದೂವರೆ ಲೀಟರ್ ಆರತೊಡಗಿದರೆ ನಾಲ್ಕು ದಿನಕ್ಕೊಮ್ಮೆ ಬಾಟಲಿಯ ಡೋಸನ್ನು 2 ಮಿಲಿಲೀಟರ್ ಇಳಿಸಿ, ತಿಳಿನೀರನ್ನು 100 ಮಿಲಿಲೀಟರ್ ಏರಿಸುತ್ತೇನೆ.